ಮಾಲೀಕ ಬದಲಾದ, ಮ್ಯಾನೇಜರ್ ಹೋದ: ಲಿವರ್‌ಪೂಲಿನಿಂದ ತಮ್ಮನಿಗೆ

ಲಿವರ್‌ಪೂಲ್
10 ಜನವರಿ 2025

ಪ್ರೀತಿಯ ಸುಜಿತ್,

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ನಾವಿಲ್ಲಿ ಕ್ಷೇಮ. ಇಲ್ಲಿನ ಫುಟ್‌ಬಾಲ್ ಕ್ಲಬ್ ಎವರ್ಟನ್‌ಗೆ ಹೊಸ ಮಾಲೀಕ ಬಂದ ಮೇಲೆ ಏನಾಗುತ್ತದೆ ಎಂದು ಕೇಳಿದ ನಿನ್ನ ಉದ್ದದ ವಾಯ್ಸ್ ಮೆಸೇಜ್‌ಗೆ ಮಾತಿನಲ್ಲೇ ಉತ್ತರ ಕೊಟ್ಟರೆ ನೀನು ಅರ್ಧ ಕೇಳಿ ಬಿಡುತ್ತೀ, ಅದಕ್ಕೆ ಬರೆದು ಕಳಿಸುತ್ತಿದ್ದೇನೆ. ಬೆಂಗ್ರೆಯ ನಿನ್ನ ಗೆಳೆಯರಿಗೂ ಓದಿ ಹೇಳು. ನೆಹರೂ ಮೈದಾನದಲ್ಲಿ ಕೂತು, ಟೆಕ್ಸಾಸ್‌ನ ಸಾಹುಕಾರ ಬಂದಾಯಿತು, ಇನ್ನು ಎವರ್ಟನ್ ದುಡ್ಡು ಸುರಿಯುವುದೊಂದೇ ಬಾಕಿ ಎನ್ನುವವರಿಗೆ ಮೊದಲು ಓದು.

ಮಾಲೀಕನ ವಿಷಯ ಮುಗಿದಿದೆ, ಅದರಲ್ಲಿ ಸಂಶಯ ಬೇಡ. ಹಳೆಯ ಮಾಲೀಕ ಫರ್ಹಾದ್ ಮೊಶಿರಿಯ ಕೈಯಲ್ಲಿದ್ದ ಶೇಕಡ 94ರಷ್ಟು ಷೇರು ಡಿಸೆಂಬರ್ 19ಕ್ಕೆ ಟೆಕ್ಸಾಸ್‌ನ ಡ್ಯಾನ್ ಫ್ರೀಡ್‌ಕಿನ್‌ನ ಗುಂಪಿಗೆ ಹೋಯಿತು. ಮೊದಲು ಕೊಳ್ಳಲು ಬಂದಿದ್ದ ಅಮೆರಿಕದ ಹೂಡಿಕೆ ಕಂಪನಿ 777 ಪಾರ್ಟ್‌ನರ್ಸ್ ಹಾಗೆ ನಡುದಾರಿಯಲ್ಲಿ ಕೈಕೊಡುವ ಹಂತ ದಾಟಿ ಆಯಿತು. ಆದರೆ ಆ 777 ಯಾಕೆ ಕೈಕೊಟ್ಟಿತು ಎನ್ನುವುದು ಗೊತ್ತಿದ್ದರೆ ಮುಂದೆ ಯಾವ ಕ್ಲಬ್‌ನ ಮಾರಾಟದ ಸುದ್ದಿ ಬಂದರೂ ನೀನೇ ತೂಗಿ ನೋಡಬಹುದು.

ಕ್ಲಬ್ ಮಾರಾಟ ಪೇಪರಿನಲ್ಲಿ ಬಂದ ದಿನ ಆಗುವಂಥದ್ದಲ್ಲ. ಮೊದಲು ಮಾರುವವನು, ಇಷ್ಟು ವಾರ ಬೇರೆ ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ಬರೆದುಕೊಡುತ್ತಾನೆ. ಆ ವಾರಗಳಲ್ಲಿ ಕೊಳ್ಳುವವನ ವಕೀಲರು, ಲೆಕ್ಕಿಗರು ಕಡತ ಬಿಚ್ಚಿ ಕೂರುತ್ತಾರೆ: ಸಾಲ ಯಾರದ್ದು, ಬಡ್ಡಿ ಎಷ್ಟು, ಹಿಂದೆ ಕೊಂಡ ಆಟಗಾರರ ಕಂತು ಬೇರೆ ಕ್ಲಬ್‌ಗಳಿಗೆ ಎಷ್ಟು ಬಾಕಿ, ಯಾರ ಒಪ್ಪಂದದಲ್ಲಿ ಯಾವ ಬೋನಸ್ ಅಡಗಿದೆ. ಅದಾದ ಮೇಲೆ ಷೇರು ಖರೀದಿ ಒಪ್ಪಂದಕ್ಕೆ ಸಹಿ. ಸಹಿ ಬಿದ್ದರೂ ಕ್ಲಬ್ ಇನ್ನೂ ಹಳೆಯವನದ್ದೇ. ಪ್ರೀಮಿಯರ್ ಲೀಗ್, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್, ಎವರ್ಟನ್‌ನ ಮಟ್ಟಿಗೆ ಹಣಕಾಸು ನಿಯಂತ್ರಕ ಎಫ್‌ಸಿಎ ಕೂಡ, ಮೂವರೂ ಒಪ್ಪಬೇಕು. ಆಮೇಲಷ್ಟೇ ದುಡ್ಡು ಮತ್ತು ಷೇರು ಕೈ ಬದಲಾಗುತ್ತವೆ.

777 ಸಿಕ್ಕಿಬಿದ್ದದ್ದು ಸಹಿ ಮತ್ತು ಒಪ್ಪಿಗೆಯ ನಡುವಿನ ಈ ಸಂದಿಯಲ್ಲಿ. ಸಹಿ ಆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಲೀಗ್ ಅವರನ್ನು ಬೇಡ ಎನ್ನಲಿಲ್ಲ, ಷರತ್ತು ಹಾಕಿತು: ಎಂಎಸ್‌ಪಿ ಸ್ಪೋರ್ಟ್ಸ್ ಕ್ಯಾಪಿಟಲ್‌ನ 15.8 ಕೋಟಿ ಪೌಂಡ್ ಸಾಲ ತೀರಿಸಿ, ಹೊಸ ಸ್ಟೇಡಿಯಂ ಮುಗಿಸಲು ದುಡ್ಡು ಎಲ್ಲಿದೆ ತೋರಿಸಿ. ತೋರಿಸಲು ಆಗಲಿಲ್ಲ. 2024ರ ಮೇ 31ಕ್ಕೆ ಗಡುವು ಮುಗಿಯಿತು. ಆದರೆ ಅಷ್ಟರಲ್ಲಿ ದಿನದ ಖರ್ಚಿಗೆಂದು 777 ಸುಮಾರು 20 ಕೋಟಿ ಪೌಂಡ್ ಕ್ಲಬ್‌ಗೆ ಸಾಲ ಕೊಟ್ಟಾಗಿತ್ತು. ಜುಲೈಯಲ್ಲಿ ಫ್ರೀಡ್‌ಕಿನ್ ಒಮ್ಮೆ ಹಿಂದೆ ಸರಿದದ್ದು ಈ ಸಾಲದ ಗಂಟಿಗೆ ಹೆದರಿ. ಕೊಟ್ಟವರೇ ಅಮೆರಿಕದ ಕೋರ್ಟಿನಲ್ಲಿ ಸಿಕ್ಕಿಬಿದ್ದಿದ್ದರು. ಸಾಲದ ಮೊತ್ತ ಗೊತ್ತಿದ್ದು, ಅದನ್ನು ಯಾರಿಗೆ ತೀರಿಸಬೇಕು ಎಂಬುದೇ ಖಾತ್ರಿ ಇಲ್ಲದಿದ್ದರೆ ಯಾವ ವಕೀಲನೂ ಸಹಿ ಹಾಕಲು ಬಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಆ ಗಂಟು ಸಡಿಲವಾದ ಮೇಲೆ ಅವರೇ ತಿರುಗಿ ಬಂದರು.

ಇದನ್ನೆಲ್ಲ ನೀನು ಮಂಗಳೂರಿನಲ್ಲಿ ಕೂತೇ ನೋಡಬಹುದು. ಕಂಪನೀಸ್ ಹೌಸ್ ಎಂಬ ಸರಕಾರಿ ದಾಖಲೆಯ ವೆಬ್‌ಸೈಟ್ ಉಂಟು, ಪುಕ್ಕಟೆ. ‘ಎವರ್ಟನ್ ಫುಟ್‌ಬಾಲ್ ಕ್ಲಬ್ ಕಂಪನಿ ಲಿಮಿಟೆಡ್’ ಎಂದು ಹುಡುಕು. ‘ಪೀಪಲ್’ ಎಂಬಲ್ಲಿ ನಿರ್ದೇಶಕರ ಹೆಸರು ಸಿಗುತ್ತದೆ. ಬದಲಾವಣೆ ಆದರೆ 14 ದಿನದೊಳಗೆ ತಿಳಿಸಬೇಕು. ಅಲ್ಲೇ ಪಕ್ಕದಲ್ಲಿ ಕಂಪನಿಯ ಮೇಲೆ ಹಿಡಿತ ಇರುವವರು ಯಾರು, ಅವರ ಪಾಲು ಶೇಕಡ 25, 50, 75ರಲ್ಲಿ ಯಾವ ಗೆರೆ ದಾಟಿದೆ ಎಂದೂ ಇರುತ್ತದೆ. ನಿಜವಾದ ವಿಷಯ ಇರುವುದು ‘ಚಾರ್ಜಸ್’ ಎಂಬಲ್ಲಿ. ಜಾಗ ಕೊಳ್ಳುವ ಮೊದಲು ನಾವು ಸಬ್‌ರಿಜಿಸ್ಟ್ರಾರ್ ಆಫೀಸಿನಿಂದ ಇ.ಸಿ. ತೆಗೆಸುತ್ತೇವಲ್ಲ, ಹಾಗೆಯೇ ಇದು. ಕ್ಲಬ್‌ನ ಯಾವ ಆಸ್ತಿ, ಯಾವ ಆದಾಯ ಯಾರ ಬಳಿ ಅಡವಿದೆ ಎಂಬುದು 21 ದಿನದೊಳಗೆ ಇಲ್ಲಿ ದಾಖಲಾಗಬೇಕು. ಸಾಲ ತೀರಿದ್ದಕ್ಕೆ ‘ಸ್ಯಾಟಿಸ್‌ಫೈಡ್’, ತೀರದ್ದಕ್ಕೆ ‘ಔಟ್‌ಸ್ಟ್ಯಾಂಡಿಂಗ್’ ಎಂದು ಗುರುತು. ಹೊಸ ಮಾಲೀಕ ಬಂದ ಮೇಲೆ ಹಳೆಯವು ಒಂದೊಂದಾಗಿ ಸ್ಯಾಟಿಸ್‌ಫೈಡ್ ಆಗುತ್ತಾ ಹೋದರೆ ಒಳ್ಳೆಯ ಲಕ್ಷಣ. ಹಳೆಯದು ಹೋಗಿ ಅಷ್ಟೇ ದೊಡ್ಡ ಹೊಸ ಅಡಮಾನ ಬಂದರೆ ಸಾಲ ಕೊಟ್ಟವ ಬದಲಾದ ಎಂದಷ್ಟೇ ಅರ್ಥ. ವರ್ಷದ ಲೆಕ್ಕಪತ್ರ ಮಾರ್ಚ್ ಕೊನೆಗೆ ಬರುತ್ತದೆ, ಯಾಕೆಂದರೆ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿದು ಒಂಬತ್ತು ತಿಂಗಳ ಅವಕಾಶ ಇರುತ್ತದೆ. ಅಂದರೆ ಇವತ್ತು ನೀನು ಓದುವ ಅಂಕಿ ಹಳೆಯದೇ.

ಮ್ಯಾಂಚೆಸ್ಟರ್ ಯುನೈಟೆಡ್‌ನವರು 2005ರಿಂದ ಗೋಳಾಡುತ್ತಿರುವುದೂ ಇಂಥ ಅಡಮಾನದ ಬಗ್ಗೆಯೇ. ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡು, ಸಾಲದ ಬಹುಪಾಲನ್ನು ಕ್ಲಬ್‌ನ ತಲೆಯ ಮೇಲೇ ಹೊರಿಸಿತು. ಎವರ್ಟನ್‌ನಲ್ಲಿ ಸದ್ಯಕ್ಕೆ ಆದದ್ದು ಉಲ್ಟಾ: ಮೊಶಿರಿ ಸಾಲದ ಲೆಕ್ಕದಲ್ಲಿ ಕೊಟ್ಟಿದ್ದ 45 ಕೋಟಿ ಪೌಂಡ್ ಆಸುಪಾಸಿನ ಮೊತ್ತ ಷೇರಾಗಿ ಬದಲಾಗಿದೆ.

ಹಾಗಾದರೆ ಈ ಜನವರಿಯಲ್ಲೇ ಒಬ್ಬ ಒಳ್ಳೆಯ ಸ್ಟ್ರೈಕರ್ ಬರುತ್ತಾನಲ್ಲ ಎಂದು ಕೇಳಿದ್ದೀ. ಮಾಲೀಕನ ಜೇಬು ಎಷ್ಟೇ ದೊಡ್ಡದಿದ್ದರೂ ಅವನು ಹಾಕಿದ ಬಂಡವಾಳ ಕ್ಲಬ್‌ನ ಆದಾಯ ಎಂದು ಲೆಕ್ಕಕ್ಕೆ ಬರುವುದಿಲ್ಲ. ಲೀಗ್‌ನ ನಿಯಮದಂತೆ ಮೂರು ವರ್ಷಕ್ಕೆ ಒಟ್ಟು ನಷ್ಟ 10.5 ಕೋಟಿ ಪೌಂಡ್ ದಾಟಬಾರದು. ಅದೂ ಮಾಲೀಕ 9 ಕೋಟಿಗೆ ಬಂಡವಾಳದ ಭದ್ರತೆ ಕೊಟ್ಟರೆ. ಇಲ್ಲದಿದ್ದರೆ ಮಿತಿ ಬರೇ 1.5 ಕೋಟಿ. ಸ್ಟೇಡಿಯಂ ಕಟ್ಟಿದ ಖರ್ಚು, ಅಕಾಡೆಮಿ, ಮಹಿಳಾ ತಂಡ, ಊರಿನ ಸೇವಾಕೆಲಸ ಇವನ್ನು ನಷ್ಟದಿಂದ ಕಳೆಯಬಹುದು. ಎವರ್ಟನ್ ಮಿತಿಗಿಂತ 1.95 ಕೋಟಿ ಹೆಚ್ಚು ಹೋದದ್ದಕ್ಕೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು, ಮೇಲ್ಮನವಿಯಲ್ಲಿ 6ಕ್ಕೆ ಇಳಿಯಿತು. ಮುಂದಿನ ಅವಧಿಯಲ್ಲಿ 1.66 ಕೋಟಿ ಮೀರಿದ್ದಕ್ಕೆ ಇನ್ನೂ 2 ಅಂಕ ಹೋಯಿತು.

ಒಬ್ಬ ಆಟಗಾರನ ಲೆಕ್ಕ ಹಾಕಿ ನೋಡು. 5 ಕೋಟಿ ಪೌಂಡ್ ಬೆಲೆ, ಐದು ವರ್ಷದ ಒಪ್ಪಂದ, ವಾರಕ್ಕೆ 1 ಲಕ್ಷ ಪೌಂಡ್ ಸಂಬಳ. ಬೆಲೆ ಐದು ವರ್ಷಕ್ಕೆ ಹಂಚಿಹೋಗುತ್ತದೆ, ವರ್ಷಕ್ಕೆ 1 ಕೋಟಿ. ಸಂಬಳ 52 ಲಕ್ಷ. ಒಟ್ಟು ವರ್ಷಕ್ಕೆ ಒಂದೂವರೆ ಕೋಟಿ. ಮೊದಲು ಎಂಟು ವರ್ಷದ ಒಪ್ಪಂದ ಬರೆದು ತೆಳ್ಳಗೆ ಹಂಚುವ ಉಪಾಯ ಚೆಲ್ಸಿ ಮಾಡಿತ್ತು. ಈಗ ಐದಕ್ಕಿಂತ ಹೆಚ್ಚು ವರ್ಷಕ್ಕೆ ಹಂಚುವಂತಿಲ್ಲ. ಮಾರುವಾಗ ಮಾತ್ರ ಲಾಭ ಒಂದೇ ಏಟಿಗೆ ಆ ವರ್ಷದ ಲೆಕ್ಕಕ್ಕೆ ಬೀಳುತ್ತದೆ. ನಮ್ಮ ರಕ್ಷಣೆಯ ಆಟಗಾರ ಬ್ರಾಂತ್‌ವೇಟ್‌ನನ್ನು ಕಾರ್ಲೈಲ್ ಕ್ಲಬ್‌ನಿಂದ ತಂದದ್ದು ತೀರ ಕಡಿಮೆ ಬೆಲೆಗೆ, ಆದ್ದರಿಂದ ಅವನನ್ನು ಮಾರಿದರೆ ಬಂದ ಹಣ ಹೆಚ್ಚುಕಡಿಮೆ ಪೂರ್ತಿ ಲಾಭವೇ. ಪ್ರತಿ ಬೇಸಿಗೆಯಲ್ಲೂ ಅವನ ಹೆಸರು ಮಾರಾಟದ ಸುದ್ದಿಯಲ್ಲಿ ತೇಲುವುದು ಅದಕ್ಕೇ. ಸಾಹುಕಾರ ಬಂದ ಮೇಲೂ ಇದು ನಿಲ್ಲುವುದಿಲ್ಲ ಮಾರಾಯ.

ಇನ್ನು ಮ್ಯಾನೇಜರ್ ಡೈಚ್. ನಿನ್ನೆ ಪೀಟರ್‌ಬರೊ ವಿರುದ್ಧದ ಎಫ್‌ಎ ಕಪ್ ಪಂದ್ಯಕ್ಕೆ ಕೆಲವೇ ತಾಸು ಇರುವಾಗ ತೆಗೆದರು. ಕಿರಿಯರ ತಂಡದ ಕೋಚ್ ಬೇನ್ಸ್ ಮತ್ತು ನಾಯಕ ಕೋಲ್‌ಮನ್ ತಂಡ ನಡೆಸಿದರು, 2–0 ಗೆಲುವು. ತೆಗೆದ ಹೊತ್ತು ಸ್ವಲ್ಪ ಮರ್ಯಾದೆಗೆಟ್ಟದ್ದೇ, ಆದರೆ ತೆಗೆದದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ಲೀಗ್‌ನಲ್ಲಿ 19 ಪಂದ್ಯ, 3 ಗೆಲುವು, 8 ಡ್ರಾ, 17 ಅಂಕ, 15 ಗೋಲು. ಕೊನೆಯ 11 ಪಂದ್ಯಗಳಲ್ಲಿ 8ರಲ್ಲಿ ಗೋಲೇ ಇಲ್ಲ. ಆರ್ಸೆನಲ್, ಚೆಲ್ಸಿ ಜೊತೆ 0–0 ಮಾಡಿಕೊಂಡ ರಕ್ಷಣೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಚೆಂಡು ಸಿಕ್ಕಾಗ ಮಾಡುವುದೇನು ಎಂಬುದಕ್ಕೆ ಮಾತ್ರ ಉತ್ತರವೇ ಇರಲಿಲ್ಲ: ಗೋಲ್‌ಕೀಪರ್ ಪಿಕ್‌ಫರ್ಡ್ ಉದ್ದಕ್ಕೆ ಹೊಡೆಯುತ್ತಾನೆ, ಸ್ಟ್ರೈಕರ್ ಕಾಲ್ವರ್ಟ್-ಲೆವಿನ್ ಒಬ್ಬನೇ ಹಾರುತ್ತಾನೆ, ತಲೆಗೆ ತಾಗಿ ಬಿದ್ದ ಚೆಂಡಿನ ಹತ್ತಿರ ನಮ್ಮವರು ಯಾರೂ ಇಲ್ಲ. ಸೆಟ್‌ಪೀಸ್ (ಕಾರ್ನರ್, ಫ್ರೀಕಿಕ್) ಹೊಡೆಯುವ ಮ್ಯಾಕ್‌ನೀಲ್ ಗಾಯಗೊಂಡ ಮೇಲೆ ಇದ್ದ ಒಂದು ದಾರಿಯೂ ಮುಚ್ಚಿತು. ಒಪ್ಪಂದ ಹೇಗೂ ಜೂನ್‌ಗೆ ಮುಗಿಯುವುದಿತ್ತು, ಹಾಗಾಗಿ ಪರಿಹಾರದ ಹೊರೆ ದೊಡ್ಡದಲ್ಲ. ಆ ಪರಿಹಾರವೂ ನಷ್ಟದ ಲೆಕ್ಕಕ್ಕೇ ಸೇರುತ್ತದೆ, ನೆನಪಿರಲಿ.

ಮ್ಯಾನೇಜರ್ ಹೋದರೆ ಒಬ್ಬನೇ ಹೋಗುವುದಿಲ್ಲ. ಅವನ ಸಹಾಯಕರಾದ ವೋನ್, ಸ್ಟೋನ್ ಎಲ್ಲ ಜೊತೆಯಲ್ಲೇ ಹೊರಟರು. ಬರುವವನೂ ತನ್ನ ಸಹಾಯಕರನ್ನು ತರುತ್ತಾನೆ. ಅವರು ಬೇರೆ ಕ್ಲಬ್‌ನಲ್ಲಿದ್ದರೆ ಒಬ್ಬೊಬ್ಬರನ್ನೂ ಬಿಡಿಸಿಕೊಳ್ಳಬೇಕು, ಮ್ಯಾನೇಜರ್ ಬಂದು ವಾರ ಕಳೆದರೂ ಕೋಚ್ ಬಂದಿರುವುದಿಲ್ಲ. ಇಲ್ಲಿ ಎಲ್ಲರ ಬಾಯಲ್ಲಿ ಇರುವುದು ಡೇವಿಡ್ ಮೊಯ್ಸ್ ಹೆಸರು. 2002ರಿಂದ 2013ರವರೆಗೆ ಇಲ್ಲೇ ಇದ್ದವ. ವೆಸ್ಟ್‌ಹ್ಯಾಮ್ ಬಿಟ್ಟ ಮೇಲೆ ಕೆಲಸದಲ್ಲಿಲ್ಲ, ಬಿಡಿಸಿಕೊಳ್ಳಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ತಿರುಗಿ ಹಳಬನನ್ನೇ ಕರೆಯುವುದಾ ಎಂದು ಮೂಗು ಮುರಿಯುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಸೀಸನ್ ಮಧ್ಯದಲ್ಲಿ ಹೊಸ ಪದ್ಧತಿ ಕಲಿಸುವವನು ಬೇಡ. ಬುಧವಾರ ಆಸ್ಟನ್ ವಿಲ್ಲಾ, ಭಾನುವಾರ ಟಾಟನ್‌ಹ್ಯಾಮ್. ನಡುವೆ ಸರಿಯಾದ ಅಭ್ಯಾಸ ಎರಡೋ ಮೂರೋ ಸಿಕ್ಕೀತು. ಅಷ್ಟರಲ್ಲಿ ರಕ್ಷಣೆಯ ಸಾಲನ್ನು ಹತ್ತು ಗಜ ಮೇಲೆ ತರಬಹುದು, ಸೆಟ್‌ಪೀಸ್ ಬದಲಿಸಬಹುದು, ಯಾರು ಆಡಬೇಕು ಎಂದು ನಿರ್ಧರಿಸಬಹುದು. ಇಡೀ ತಂಡ ಒಟ್ಟಿಗೆ ಮುನ್ನುಗ್ಗಿ ಚೆಂಡು ಕಸಿಯುವ ಆಟಕ್ಕೆ ಬೇಸಿಗೆಯ ಪೂರ್ವತಯಾರಿಯೇ ಬೇಕು.

ಹೆಸರು ಘೋಷಣೆ ಆದಾಗ ಒಪ್ಪಂದದ ಅವಧಿ ನೋಡು. ಜೂನ್‌ವರೆಗೆ ಮಾತ್ರ ಎಂದರೆ ಬೆಂಕಿ ಆರಿಸಲು ಕರೆದಿದ್ದಾರೆ. ಎರಡು ವರ್ಷ ದಾಟಿದರೆ ಹೊಸ ಸ್ಟೇಡಿಯಂನ ತಂಡ ಕಟ್ಟುವುದೂ ಅವನೇ. ಕಾಲ್ವರ್ಟ್-ಲೆವಿನ್, ಡುಕುರೆ, ಗೆಯೆ, ಕೀನ್ ಎಲ್ಲರ ಒಪ್ಪಂದ ಈ ಬೇಸಿಗೆಗೇ ಮುಗಿಯುತ್ತದೆ, ಆದ್ದರಿಂದ ಆ ಕೆಲಸ ಸಣ್ಣದಲ್ಲ. ಮೊದಲೆರಡು ಪಂದ್ಯ ಗೆದ್ದರೆ ಕುಣಿಯಬೇಡ. ತಂಡ ತೀರ ಕೆಳಗೆ ಬಿದ್ದಾಗಲೇ ಮ್ಯಾನೇಜರ್‌ನನ್ನು ತೆಗೆಯುವುದು, ಅಲ್ಲಿಂದ ಯಾರೇ ಬಂದರೂ ಸ್ವಲ್ಪ ಮೇಲೆ ಏಳಲೇಬೇಕು. ವಿಲ್ಲಾ ಪಂದ್ಯದಲ್ಲಿ ಪಿಕ್‌ಫರ್ಡ್ ಕೈಗೆ ಚೆಂಡು ಬಂದಾಗ ಉಳಿದವರು ಎಲ್ಲಿ ನಿಂತಿದ್ದಾರೆ ನೋಡು. ಕಾಲ್ವರ್ಟ್-ಲೆವಿನ್‌ನ ಹತ್ತು ಹೆಜ್ಜೆಯೊಳಗೆ ಇಬ್ಬರಿದ್ದರೆ ಏನೋ ಬದಲಾಗಿದೆ.

ಹೊಸ ಮಾಲೀಕರ ಬಗ್ಗೆ ನನಗೆ ಇರುವ ಅಳುಕು ಒಂದೇ. ಇದೇ ಗುಂಪಿನ ಇಟಲಿಯ ರೋಮಾ ತಂಡ 2024ರಲ್ಲಿ ಮ್ಯಾನೇಜರ್‌ಗಳಾದ ಮೊರಿನ್ಯೊ, ಡಿ ರೊಸ್ಸಿ, ಯುರಿಚ್ ಮೂವರನ್ನೂ ಕಳಿಸಿ ನವೆಂಬರ್‌ನಲ್ಲಿ ರನಿಯೇರಿಯನ್ನು ಕರೆತಂದಿತು. ಹೊಸ ಮಾಲೀಕರ ಅವಸರ ಏನು ಮಾಡಬಹುದು ಎಂಬುದಕ್ಕೆ ನಮ್ಮ ಪುಣೆಯ ವೆಂಕೀಸ್ ಸಾಕ್ಷಿ ಉಂಟಲ್ಲ: 2010ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್ ಕೊಂಡು, ಡಿಸೆಂಬರ್‌ನಲ್ಲೇ ಮ್ಯಾನೇಜರ್ ಅಲಾರ್ಡೈಸ್‌ನನ್ನು ತೆಗೆದರು, 2012ರಲ್ಲಿ ತಂಡ ಕೆಳಗಿನ ದರ್ಜೆಗೆ ಇಳಿಯಿತು. ನ್ಯೂಕಾಸಲ್‌ನಲ್ಲಿ ಹಾಗಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಮಾಲೀಕರು ಬದಲಾದರು, ಮ್ಯಾನೇಜರ್ ಆಗಿ ಎಮೆರಿ ಬರಲು ಒಪ್ಪಲಿಲ್ಲ, ನವೆಂಬರ್‌ನಲ್ಲಿ ಎಡ್ಡಿ ಹೌ ಬಂದ; ಮೊದಲ 14 ಪಂದ್ಯಗಳಲ್ಲಿ ಒಂದೂ ಗೆಲ್ಲದ ತಂಡ 11ನೇ ಸ್ಥಾನಕ್ಕೆ ಮುಟ್ಟಿತು. ಆದರೆ ಆ ಜನವರಿಯಲ್ಲಿ ಟ್ರಿಪಿಯರ್, ಬ್ರೂನೊ ಮುಂತಾದವರನ್ನು ಕೊಳ್ಳಲು ಅವರಿಗೆ ನಷ್ಟದ ಮಿತಿಯಲ್ಲಿ ಜಾಗ ಇತ್ತು. ಎವರ್ಟನ್‌ಗೆ ಅಷ್ಟು ಇಲ್ಲ.

ಹಾಗಾಗಿ ಈ ತಿಂಗಳು ಬರುವವರು ಹೆಚ್ಚಾಗಿ ಲೋನ್ ಮೇಲೆಯೇ, ಅಂದರೆ ಬೇರೆ ಕ್ಲಬ್‌ನಿಂದ ಸ್ವಲ್ಪ ಕಾಲಕ್ಕೆ ಎರವಲಾಗಿ. ಅಲ್ಲೂ ಒಂದು ಅಡ್ಡಿ: ಇಂಗ್ಲೆಂಡಿನ ಬೇರೆ ಕ್ಲಬ್‌ಗಳಿಂದ ಒಂದೇ ಹೊತ್ತಿಗೆ ಇಬ್ಬರನ್ನು ಮಾತ್ರ ಇಟ್ಟುಕೊಳ್ಳಬಹುದು. ಲೀಡ್ಸ್‌ನ ಹ್ಯಾರಿಸನ್, ಚೆಲ್ಸಿಯ ಬ್ರೋಯಾ, ಅಲ್ಲಿಗೆ ಎರಡೂ ಭರ್ತಿ. ನಿನ್ನೆ ಬ್ರೋಯಾನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು, ಆದರೆ ಗಾಯವಾದರೂ ಅವನ ಲೋನ್ ರದ್ದು ಮಾಡದೆ ಆ ಜಾಗ ಖಾಲಿ ಆಗುವುದಿಲ್ಲ. ಹೊರದೇಶದ ಕ್ಲಬ್‌ನಿಂದ ತರಬಹುದು, ಅದಕ್ಕೆ ಆಟಗಾರನ ಅಂತರರಾಷ್ಟ್ರೀಯ ಪಂದ್ಯ, ಅವನಾಡುವ ಲೀಗ್‌ನ ಮಟ್ಟ ಇತ್ಯಾದಿ ಅಂಕ ಹಾಕಿ ಕೊಡುವ ಕೆಲಸದ ಅನುಮತಿ ಬೇಕು. ನಿನ್ನ ವಾಟ್ಸ್ಯಾಪ್ ಗ್ರೂಪಿನಲ್ಲಿ ಇಂಗ್ಲೆಂಡಿನ ಯಾವ ಕ್ಲಬ್‌ನ ಲೋನ್ ಸುದ್ದಿ ಬಂದರೂ ಈ ಇಬ್ಬರಲ್ಲಿ ಯಾರು ಹೋದರು ಎಂದು ಮೊದಲು ಕೇಳು.

ವಿಲ್ಲಾ ಪಂದ್ಯ ನಿಮಗೆ ಗುರುವಾರ ಬೆಳಗಿನ ಜಾವ 1 ಗಂಟೆಗೆ. ಅಪ್ಪನ ನಿದ್ದೆ ಕೆಡಿಸದೆ ಹೆಡ್‌ಫೋನ್ ಹಾಕಿಕೊಂಡು ನೋಡು. ಟಾಟನ್‌ಹ್ಯಾಮ್ ಪಂದ್ಯ ಭಾನುವಾರ ಸಂಜೆ 7.30ಕ್ಕೆ, ಅದನ್ನು ಎಲ್ಲರೂ ನೋಡಬಹುದು. ವರ್ಗಾವಣೆಯ ಕಿಟಕಿ, ಅಂದರೆ ಆಟಗಾರರನ್ನು ಕೊಳ್ಳುವ, ಮಾರುವ ಅವಧಿ, ಮುಚ್ಚುವುದು ಇಲ್ಲಿ ಫೆಬ್ರವರಿ 3ರ ರಾತ್ರಿ 11ಕ್ಕೆ, ನಿಮ್ಮಲ್ಲಿ 4ರ ಬೆಳಿಗ್ಗೆ 4.30. ಅಷ್ಟರೊಳಗೆ ‘ಡೀಲ್ ಶೀಟ್’ ಎಂಬ ಒಂದು ಹಾಳೆ ಲೀಗ್‌ಗೆ ಮುಟ್ಟಿದ್ದರೆ ಉಳಿದ ಕಾಗದ ಮುಗಿಸಲು ಇನ್ನೆರಡು ತಾಸು ಕೊಡುತ್ತಾರೆ. ಆದ್ದರಿಂದ ನಾಲ್ಕೂವರೆಗೆ ಯಾರೂ ಬರಲಿಲ್ಲ ಎಂದು ನನಗೆ ಬೈದು ಮೆಸೇಜ್ ಹಾಕಬೇಡ, ಆರೂವರೆಯವರೆಗೆ ಕಾಯಿ.

ಇಂತಿ
ನಿನ್ನ ಅಕ್ಕ