ಅಡಿಕೆ ಸಸಿ ನೆಟ್ಟವಳಿಗೂ ನಿಮಗೆಲ್ಲರಿಗೂ

ಈ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟಿದ ದಿನದ ಹೊಸ ತೆನೆಯ ಹಬ್ಬಕ್ಕೆ, ನಾನು ಕಾಸರಗೋಡಿನ ಕಡೆಯ ಬೇಳದ ಇಗರ್ಜಿಗೆ (ಚರ್ಚಿಗೆ) ಕೋಲಿಲ್ಲದೆ ನಡೆದು ಹೋದೆ. ತೆನೆ ಹಿಡಿದುಕೊಂಡೇ ಮನೆಗೆ ಬಂದೆ. ದಾರಿಯಲ್ಲಿ ಮೂರು ಕಡೆ ಕೂತಿದ್ದು ನಿಜ. ಆದರೂ ಬಂದೆ ಅಲ್ವಾ!

2024ರ ಜುಲೈ. ಆಟಿಯ ಮಳೆ ಎರಡು ದಿನ ಬಿಟ್ಟಿತ್ತು. ಅಡಿಕೆಗೆ ಕೊಳೆರೋಗ ಬರುವ ಮೊದಲು ಎರಡನೇ ಸಲದ ಮದ್ದು ಬಿಟ್ಟು ಮುಗಿಸುವ ಅವಸರ. ಮರ ಪಾಚಿ ಕಟ್ಟಿತ್ತು, ಅರ್ಧದಿಂದ ಜಾರಿದೆ. ಸೊಂಟದ ಹತ್ತಿರ ಬೆನ್ನುಮೂಳೆಗೆ ಏಟು. ಪಕ್ಕದ ಮನೆಯ ಕಾಕ ತಮ್ಮ ಜೀಪಿನ ಹಿಂದಿನ ಸೀಟು ಬಿಚ್ಚಿ, ಬಾಗಿಲ ಹಲಗೆ ಹಾಕಿ ನನ್ನನ್ನು ಮಲಗಿಸಿದರು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಕುಂಬಳೆ, ಉಪ್ಪಳ, ತಲಪಾಡಿ ದಾಟುವ ತನಕ ಪ್ರತಿ ಗುಂಡಿಗೂ ಅವರೇ ನನಗಿಂತ ಮೊದಲು "ಅಲ್ಲಾ" ಎನ್ನುತ್ತಿದ್ದರು. ಕಾಕಾ, ಆ ಹಲಗೆ ಇನ್ನೂ ನಮ್ಮ ಕೊಟ್ಟಿಗೆಯಲ್ಲೇ ಇದೆ.

ಮಂಗಳೂರಲ್ಲಿ ಆಪರೇಷನ್ ಆಯಿತು. ಮತ್ತೆ ನಡೆಯಬಹುದಾ ಎಂದರೆ ಡಾಕ್ಟರು "ನೋಡೋಣ" ಎಂದರು. ಪ್ರತಿ ಸಲವೂ ಅದೇ, ನೋಡೋಣ. ಪಾಪ, ಅವರಾದರೂ ಏನು ಹೇಳಿಯಾರು.

ಆ ಸೆಪ್ಟೆಂಬರ್‌ನಲ್ಲಿ ನನ್ನ ಹೆಂಡತಿ ತೋಟದಲ್ಲಿ ಸತ್ತ ಮರಗಳ ಜಾಗಕ್ಕೆ 'ಮಂಗಳ' ತಳಿಯ 11 ಅಡಿಕೆ ಸಸಿ ತಂದು ನೆಟ್ಟಳು. ಮಂಚದಿಂದ ಕಿಟಕಿಯಲ್ಲಿ ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ಹಿಂಗಾರ (ಅಡಿಕೆಯ ಹೂಗೊಂಚಲು) ಬಿಡಲು ನಾಲ್ಕೈದು ವರ್ಷ ಬೇಕು, ಯಾರು ಹತ್ತುತ್ತಾರೆ ಅದನ್ನು ಎಂದು ಬೈದೆ. ಅವಳು ಉತ್ತರ ಕೊಡಲಿಲ್ಲ. ಕೈಯ ಮಣ್ಣು ತೊಳೆದು ಬಂದು, ಹಬ್ಬದ ತೆನೆಯ ಕಾಳು ಒಂದೊಂದಾಗಿ ಉಗುರಲ್ಲಿ ಸುಲಿದು, ಜಜ್ಜಿ, ತೆಂಗಿನ ಹಾಲಿಗೆ ಹಾಕಿ ಚಮಚದಲ್ಲಿ ಕುಡಿಸಿದಳು. ಮಲಗಿದ್ದವನ ಕಿವಿಗೆಲ್ಲ ಹಾಲು ಇಳಿಯಿತು.

ಡಿಸೆಂಬರ್ 24ಕ್ಕೆ ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಪವಿತ್ರ ದ್ವಾರ ತೆರೆದು ಜುಬಿಲಿ ವರ್ಷ ಶುರು ಮಾಡಿದರು. 'ಭರವಸೆಯ ಯಾತ್ರಿಕರು' ಎಂಬುದು ಆ ವರ್ಷದ ಮಾತು. ಪರಮಪ್ರಸಾದ ಕೊಡಲು ಮನೆಗೆ ಬಂದ ಫಾದರ್ ಇದನ್ನು ಹೇಳಿದಾಗ ನಗು ಬಂತು. ಒಬ್ಬನೇ ಬಚ್ಚಲಿಗೆ ಹೋಗಲಾಗದವನು ಎಂಥ ಯಾತ್ರಿಕ! ಭರವಸೆ ಮೋಸ ಮಾಡುವುದಿಲ್ಲ ಎಂದು ಸಂತ ಪೌಲರು ರೋಮಿನವರಿಗೆ ಬರೆದಿದ್ದಾರೆ. ನನಗೆ ಅದೂ ರುಚಿಸಲಿಲ್ಲ. ಅದೇ ಪತ್ರದ ಎಂಟನೇ ಅಧ್ಯಾಯವನ್ನು ಫಾದರ್ ಓದಿದರು. ಕಣ್ಣಿಗೆ ಕಂಡದ್ದಕ್ಕೆ ಭರವಸೆ ಯಾಕೆ ಬೇಕು, ಕಾಣದ್ದಕ್ಕೆ ತಾಳ್ಮೆಯಿಂದ ಕಾಯುವುದೇ ಭರವಸೆ ಎನ್ನುವ ಅರ್ಥ. ಡಾಕ್ಟರರ 'ನೋಡೋಣ' ನೆನಪಾಯಿತು. ಕಿಟಕಿ ಕಡೆ ತಿರುಗಿದೆ. ಇವಳು ನೋಡುವ ತನಕ ಕಾಯದೆ ಗುಂಡಿ ತೆಗೆದಿದ್ದಾಳಲ್ಲ! ಮನೆಯ ಕೊಂಕಣಿಯಲ್ಲಿ ಭರ್ವಸೊ ಎಂದು ಚಿಕ್ಕಂದಿನಿಂದ ಜಪದಲ್ಲಿ ಹೇಳುತ್ತಲೇ ಇದ್ದೆ. ನನ್ನಲ್ಲಿ ಅದು ಒಂದು ಹನಿಯೂ ಇಲ್ಲದ ತಿಂಗಳುಗಳಲ್ಲಿ ಇವಳು, ನೀವೆಲ್ಲ ನನ್ನ ಪಾಲಿನದ್ದನ್ನೂ ಹೊತ್ತಿದ್ದಿರಿ.

ಪಕ್ಕದ ತೋಟದ ಭಟ್ಟರು ಎರಡು ಮಳೆಗಾಲ ನಮ್ಮ ತೋಟಕ್ಕೂ ಮದ್ದು ಬಿಡಿಸಿದರು. ಲೆಕ್ಕ ಕೇಳಿದರೆ ಮಾತು ಮರೆಸುತ್ತಾರೆ. ವಾಳೆಯವರು, ಅಂದರೆ ಇಗರ್ಜಿಯ ನಮ್ಮ ವಾರ್ಡಿನವರು, ಬುಧವಾರ ಬುಧವಾರ ಬಂದು ತೇರ್ಸ್ (ಜಪಮಾಲೆ) ಹೇಳಿದರು, ಚಾ ಕೂಡ ಅವರೇ ಮಾಡಿಕೊಂಡರು. ಫಿಸಿಯೋಥೆರಪಿಯ ಹುಡುಗಿ ನನ್ನ ಬೈಗುಳ ಸಹಿಸಿಕೊಂಡಳು. ಕ್ಷಮಿಸು ಮಗಾ. ದುಡ್ಡು ಕಳಿಸಿ ಹೆಸರು ಹೇಳದವರೂ ಇದ್ದೀರಿ. ಕೊಂಕಣಿಯಲ್ಲಿ ಥ್ಯಾಂಕ್ಸಿಗೆ 'ದೇವ್ ಬರೆಂ ಕರುಂ' ಎನ್ನುತ್ತೇವೆ, ದೇವರು ಒಳ್ಳೆಯದು ಮಾಡಲಿ ಅಂತ. ಸಾಲ ತೀರಿಸಲು ಆಗದವನು ದೇವರ ಮೇಲೆ ಹಾಕುವ ಮಾತು ಅದು, ಗೊತ್ತು.

ಇನ್ನು ಮರ ಹತ್ತುವುದಿಲ್ಲ. ನೆಲದಲ್ಲೇ ನಿಂತು ಮದ್ದು ಬಿಡುವ ದೋಟಿ (ಉದ್ದದ ಕೋಲು) ಬಂದಿದೆಯಲ್ಲ, ಅದೇ ಸಾಕು. 11 ಸಸಿಗಳಲ್ಲಿ 9 ಚೆನ್ನಾಗಿವೆ, ಎರಡನ್ನು ಹಂದಿ ಕಿತ್ತಿದೆ. ಯಾರ ಮನೆಯಲ್ಲಾದರೂ ಹೆಚ್ಚಿನ ಸಸಿ ಇದ್ದರೆ ಹೇಳಿ. ಕಳಿಸಬೇಡಿ, ನಾನೇ ನಡೆದು ಬಂದು ತೆಗೆದುಕೊಂಡು ಹೋಗುತ್ತೇನೆ.