ಹದಿನಾಲ್ಕನೇ ಫ್ಲೋರಿನ ಗಾಳಿ ಯಾರ ಲೆಕ್ಕಕ್ಕೆ?

ಸಂಪಾದಕರಿಗೆ ನಮಸ್ಕಾರ,

ಚಳಿಗಾಲ ಬಂತು ಅಂದ್ರೆ ಪೇಪರಲ್ಲಿ ಎಕ್ಯೂಐ, ಅಂದ್ರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ನಂಬರ್ ಬರೋಕೆ ಶುರು, ಕಾಫಿ ಜೊತೆ ನಾನು ಮೊದ್ಲು ನೋಡೋದೇ ಅದನ್ನ. ಆದ್ರೂ ಒಂದು ತಕರಾರಿದೆ.

ಜನವರಿಲಿ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗಿದ್ವಿ. ಕೆಳಗೆ ಯಾರೋ ಕಸಕ್ಕೆ ಬೆಂಕಿ ಹಾಕಿದ್ರು, ಹೊಗೆ ನೆಟ್ಟಗೆ ಮೇಲೆದ್ದಿದ್ದು ಒಂದು ಎತ್ತರಕ್ಕೆ ಬಂದು ನಿಂತು, ಕಾವಲಿ ಮೇಲೆ ದೋಸೆ ಹುಯ್ದಂಗೆ ಅಡ್ಡಕ್ಕೆ ಹರಡಿಕೊಳ್ತು, ಅದರ ಮೇಲಿನ ಆಕಾಶ ಮಾತ್ರ ತೊಳೆದಿಟ್ಟಂಗಿತ್ತು. ರಾತ್ರಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ರೆ ಹಿಂಗೆ ಮುಚ್ಚಳ ಬೀಳುತ್ತೆ, ಬಿಸಿಲೇರಿದ ಮೇಲೆ ಮುಚ್ಚಳ ಎದ್ದು ಧೂಳೆಲ್ಲ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಕಲಸಿಹೋಗುತ್ತೆ. ಹೊಗೆ ಅಷ್ಟೇ ಇದ್ರೂ ಬೆಳಗ್ಗೆ ಏಳಕ್ಕೆ ವಾಕಿಂಗ್ ಹೋಗೋರ ಮೂಗಿಗೆ ಬರೋದೇ ಬೇರೆ, ಮಧ್ಯಾಹ್ನ ಮೂರಕ್ಕೆ ಬರೋದೇ ಬೇರೆ. ಪೇಪರಲ್ಲಿ ಬರೋದು 24 ಗಂಟೆ ಸರಾಸರಿ.

ಯಾವ ಎತ್ತರದಲ್ಲಿ ಎಷ್ಟು ಧೂಳಿದೆ ಅಂತ ನೋಡೋಕೆ ಲೈಡಾರ್ ಇದೆ. ಲೇಸರ್ ಬೆಳಕನ್ನ ಮೇಲಕ್ಕೆ ಬಿಡ್ತಾರೆ, ಕಣಗಳಿಗೆ ತಾಗಿ ಒಂಚೂರು ವಾಪಸ್ ಬರುತ್ತೆ, ಬರೋಕೆ 10 ಮೈಕ್ರೋಸೆಕೆಂಡ್ ಹಿಡೀತು ಅಂದ್ರೆ ಕಣ ಇರೋದು ಒಂದೂವರೆ ಕಿಲೋಮೀಟರ್ ಮೇಲೆ. ತಿರುಪತಿ ಹತ್ರ ಗಾದಂಕಿಲಿ ಇಂಥದ್ದು ಎಷ್ಟೋ ವರ್ಷದಿಂದ ನಡೀತಿದೆ. ಕ್ಯಾಲಿಪ್ಸೋ ಅನ್ನೋ ಉಪಗ್ರಹ 2006ರಿಂದ 2023ರವರೆಗೆ ಸುಮಾರು 700 ಕಿಲೋಮೀಟರ್ ಮೇಲಿಂದ ಇದೇ ಕೆಲಸ ಮಾಡ್ತು, ವಾಪಸ್ ಬಂದ ಬೆಳಕು ಹೆಂಗೆ ತಿರುಚಿದೆ ಅಂತ ನೋಡಿ ಇದು ಮರಳುಗಾಡಿನ ಧೂಳೋ ಹೊಗೆನೋ ಅಂತನೂ ಗುರುತು ಹಿಡೀತಿತ್ತು.

ನಮ್ಮ ಭಾವ ಹದಿನಾಲ್ಕನೇ ಫ್ಲೋರಲ್ಲಿ ಫ್ಲಾಟ್ ತಗೊಂಡಿದ್ದಾರೆ, ಅಷ್ಟು ಮೇಲಕ್ಕೆ ಧೂಳು ಬರಲ್ಲ ಅಂತ ಮಾರಿದೋರು ಹೇಳಿದ್ರಂತೆ. ದಿನಾ ಬೆಳಗ್ಗೆ ಅಕ್ಕ ಬಾಲ್ಕನಿ ಕಂಬಿ ಒರೆಸಿದ ಬಟ್ಟೆ ನೋಡ್ಬೇಕು ನೀವು, ಕರ್ರಗೆ! ನಲವತ್ತು ಚಿಲ್ಲರೆ ಮೀಟರ್ ಅಂದ್ರೆ ಮುಚ್ಚಳದ ಒಳಗೇ ಅಲ್ವಾ. ಇನ್ನೂ ತಮಾಷೆ ಅಂದ್ರೆ, ಎಕ್ಯೂಐ ಅಳೆಯೋ ಪೈಪ್ ಇರೋದು ನೆಲದಿಂದ ಕೆಲವೇ ಮೀಟರ್ ಮೇಲೆ, ನೆಟ್ಟಗೆ ಮೇಲಕ್ಕೆ ನೋಡೋ ಲೈಡಾರ್‌ಗೆ ತನ್ನ ತಲೆ ಮೇಲಿನ ಮೊದಲ ನೂರಿನ್ನೂರು ಮೀಟರ್ ಸರಿಯಾಗಿ ಕಾಣ್ಸೋದೇ ಕಷ್ಟ, ಭಾವನ ಮನೆ ಎರಡರ ನಡುವೆ. ಲೈಡಾರನ್ನ ಓರೆ ಮಾಡಿ ತಿರುಗಿಸಿದ್ರೆ ಆ ಜಾಗನೂ ಸಿಗುತ್ತೆ, ಬೆಂಗಳೂರಲ್ಲಿ ಬಿಲ್ಡಿಂಗ್‌ಗಳು ಏಳ್ತಿರೋ ಸ್ಪೀಡಿಗೆ ಅದು ಬೇಕೇ ಬೇಕು.

ಅಲ್ಲಿವರೆಗೆ ನೀವಾದ್ರೂ ಸರಾಸರಿ ಪಕ್ಕದಲ್ಲಿ ಬೆಳಗ್ಗೆ ಏಳರ ನಂಬರ್ ಒಂದು, ಮಧ್ಯಾಹ್ನ ಮೂರರದ್ದೊಂದು ಬೇರೆ ಬೇರೆ ಹಾಕಿ, ಹವಾಮಾನ ಕಾಲಂ ಪಕ್ಕ ಜಾಗ ಇದ್ದೇ ಇರುತ್ತಲ್ಲ.

– ಒಬ್ಬ ಓದುಗ, ಬೆಂಗಳೂರು