ಕೈತೋಟಕ್ಕೆ ನೀರು: ಮಣ್ಣು ಮುಟ್ಟಿ ನೋಡಿ ಹಾಕೋಣ

ಮಾನ್ಯ ಸಂಪಾದಕರೇ,

ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ನಮ್ಮ ಓಣಿಗಳಲ್ಲಿ ಬೆಳಿಗ್ಗೆ, ಸಂಜೆ ಪೈಪು ಹಿಡಿದು ಹಿತ್ತಲಿನ ತರಕಾರಿ ಗಿಡಗಳ ತಲೆಯ ಮೇಲೆ ನೀರು ಚಿಮ್ಮಿಸುವುದು ರೂಢಿ. ಭೀಮಾ ನದಿ ಮತ್ತು ಬೆಣ್ಣೆತೊರಾ ಜಲಾಶಯದ ನೀರಿಗಾಗಿ ನಲ್ಲಿಯ ಸರದಿ ಕಾಯುವ ಊರಿನಲ್ಲಿ, ಹೀಗೆ ಚೆಲ್ಲಿದ ನೀರು ಬೇರಿನ ಆಳಕ್ಕೆ ಇಳಿಯುವುದೇ ಇಲ್ಲವೆಂಬುದು ನನ್ನ ಸಂಕಟ.

ನಮ್ಮದು ಎರೆಮಣ್ಣು. ಮೇಲ್ಭಾಗ ಒಣಗಿ ಬೆಳ್ಳಗಾಗಿದ್ದರೂ ಎರಡು ಅಂಗುಲ ಬೆರಳು ಇಳಿಸಿದರೆ ಎಷ್ಟೋ ಸಲ ಒಳಗೆ ತಂಪು ತಗಲುತ್ತದೆ. ಆ ತಂಪು ಇರುವವರೆಗೆ ನೆಲದಲ್ಲಿ ನಟ್ಟ ಬದನೆ, ಟೊಮೆಟೊ ಗಿಡಗಳಿಗೆ ನೀರು ಬೇಡ. ಈ ಮಣ್ಣು ನೀರನ್ನು ನಿಧಾನವಾಗಿ ಕುಡಿದು ಬಹಳ ದಿನ ಹಿಡಿದಿಡುವುದರಿಂದ, ದಿನವೂ ಸುರಿದರೆ ಬೇರಿಗೆ ಗಾಳಿ ಸಿಗದೆ ಎಲೆ ಹಳದಿಯಾಗುತ್ತದೆ. ನಾವು ಅದನ್ನು ಬಾಯಾರಿಕೆಯೆಂದು ತಿಳಿದು ಮತ್ತೆರಡು ಕೊಡ ಸುರಿಯುತ್ತೇವೆ. ಮೇ ತಿಂಗಳ ಮಧ್ಯಾಹ್ನ ಜೋತುಬಿದ್ದ ಹೀರೆಯ ಎಲೆಗಳು ಹೊತ್ತು ಇಳಿದ ಮೇಲೆ ತಾವಾಗಿಯೇ ಚೇತರಿಸಿಕೊಂಡರೆ ಗಾಬರಿ ಬೇಕಿಲ್ಲ. ಕುಂಡದ ಗಿಡಗಳ ಲೆಕ್ಕ ಬೇರೆ, ಅವಕ್ಕೆ ಬೇಸಿಗೆಯಲ್ಲಿ ದಿನವೂ ಬೇಕಾದೀತು.

ಹೋದ ವರ್ಷ ನನ್ನ ಟೊಮೆಟೊ ಕಾಯಿಗಳ ತಳ ಕಪ್ಪಾಗಿ, ಒಳಕ್ಕೆ ಕುಸಿದು, ಮುಟ್ಟಿದರೆ ತೊಗಲಿನಂತೆ ಇರುತ್ತಿತ್ತು. ರೋಗವೆಂದು ಔಷಧ ಹೊಡೆದೆ, ಗುಣವಾಗಲಿಲ್ಲ. ನಲ್ಲಿ ಬಂದ ದಿನ ಮಡಿ ತುಂಬಿಸಿ, ಬಾರದ ದಿನಗಳಲ್ಲಿ ಮಣ್ಣು ಬಿರಿಯುವವರೆಗೂ ಬಿಡುತ್ತಿದ್ದೆ. ನೀರು ಹೀಗೆ ಏರುಪೇರಾದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಗೆ ಸಾಕಷ್ಟು ತಲುಪುವುದಿಲ್ಲವೆಂದು ಆಮೇಲೆ ತಿಳಿಯಿತು.

ಈಗ ಡ್ರಮ್ಮಿನಲ್ಲಿ ನೀರು ತುಂಬಿಟ್ಟುಕೊಂಡು, ಬುಡದ ಸುತ್ತ ಪಾತಿ ಮಾಡಿ, ಎಲೆ ತೋಯದಂತೆ ಬೆಳಿಗ್ಗೆ ಚೊಂಬಿನಿಂದ ಹಾಕುತ್ತೇನೆ. ಮೊದಲು ಹಾಕಿದ್ದು ಇಂಗಿದ ಮೇಲೆಯೇ ಇನ್ನೊಮ್ಮೆ. ಪಾತಿಯ ಮೇಲೆ, ಕಾಂಡಕ್ಕೆ ತಾಗದಂತೆ, ಎರಡು ಅಂಗುಲ ದಪ್ಪಕ್ಕೆ ತೊಗರಿ ಹೊಟ್ಟು ಹೊದಿಸುತ್ತೇನೆ. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ದನ ತಿಂದು ಬಿಟ್ಟ ಹೊಟ್ಟಾದರೂ ಸಿಕ್ಕೇ ಸಿಗುತ್ತದೆ. ಬೇರು ಮೇಲೆಯೇ ಇರುವ ಮೆಂತ್ಯೆ, ರಾಜಗಿರಿ ಮಡಿಗಳಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಬೇಗಬೇಗ ಕೊಡುತ್ತೇನೆ.

ನಾನು ತಂದ ಬೀಜದ ಪೊಟ್ಟಣದ ಮೇಲೆ ‘ನಿತ್ಯ ನೀರುಣಿಸಿ’ ಎಂದಷ್ಟೇ ಇತ್ತು. ಕೆಂಪು ಮಣ್ಣಿಗೆ ಎಷ್ಟು, ಎರೆಮಣ್ಣಿಗೆ ಎಷ್ಟು ಎಂಬ ಎರಡು ಸಾಲನ್ನು ಬೀಜ ಮಾರುವವರು ಕನ್ನಡದಲ್ಲಿ ಮುದ್ರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ಗೃಹಿಣಿ, ಕಲಬುರಗಿ